ವಾದ, ವಿಶ್ಲೇಷಣೆ, ಸಂಯೋಜನೆ: ಪ್ರಬಂಧ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಪಿಯು ಮತ್ತು ಪದವಿ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಅವರಿಗೆ ಕಲಿಸುವ ಮೇಷ್ಟ್ರು, ಬಾಯಿಯವರು (ಶಿಕ್ಷಕಿಯರು) ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉದಾಹರಣೆಗಳು ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವೇ. ಗೊತ್ತಿರುವ ವಿಷಯದ ಮೇಲೆ ಅಭ್ಯಾಸ ಮಾಡಿದರೆ ಮಾಹಿತಿ ಹುಡುಕುವ ಶ್ರಮ ಉಳಿಯುತ್ತದೆ, ಗಮನವೆಲ್ಲ ಬರವಣಿಗೆಯ ಮೇಲೆ ನಿಲ್ಲುತ್ತದೆ.

ಈ ಮೂರು ಬಗೆಯ ಪ್ರಬಂಧಗಳಿಗೆ ವ್ಯತ್ಯಾಸವೇನು?

ವಾದ ಪ್ರಬಂಧದಲ್ಲಿ ಒಂದು ವಿಷಯ ಕೊಡುತ್ತಾರೆ. ನೀವು ನಿಲುವು ತಾಳಿ ಅದನ್ನು ಸಾಧಿಸಬೇಕು. ಆಧಾರಗಳನ್ನು ಯಾರೂ ಕೊಡುವುದಿಲ್ಲ, ಓದಿ ಕೇಳಿ ತಲೆಯಲ್ಲಿ ಉಳಿದದ್ದೇ ಬಂಡವಾಳ.

ಮಾತಿನ ತಂತ್ರದ ವಿಶ್ಲೇಷಣೆಯಲ್ಲಿ ಇನ್ನೊಬ್ಬರ ಭಾಷಣ, ಪತ್ರ ಅಥವಾ ಲೇಖನ ಕೊಡುತ್ತಾರೆ. ಅವರು ಹೇಳಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಇಲ್ಲಿ ನಿಮ್ಮ ಕೆಲಸವಲ್ಲ. ಎದುರಿಗಿದ್ದವರನ್ನು ಒಪ್ಪಿಸಲು ಅವರು ಏನೇನು ಮಾಡಿದರು, ಅದು ಆ ಹೊತ್ತಿಗೆ ಆ ಜನರ ಮೇಲೆ ಯಾಕೆ ನಡೆಯುತ್ತದೆ ಎಂದು ತೋರಿಸಬೇಕು.

ಸಂಯೋಜನಾ ಪ್ರಬಂಧದಲ್ಲಿ ಒಂದೇ ವಿಷಯದ ಮೇಲೆ ಐದಾರು ಆಕರ ಕೊಡುತ್ತಾರೆ. ವರದಿಯ ತುಣುಕು, ಅಂಕಿಅಂಶದ ಪಟ್ಟಿ, ಒಂದು ಚಿತ್ರ, ಪತ್ರಿಕೆಯ ಲೇಖನ ಹೀಗೆ. ಅವನ್ನು ಓದಿ ನಿಮ್ಮದೇ ನಿಲುವು ಕಟ್ಟಿ, ಆಕರಗಳನ್ನು ಸಾಕ್ಷಿಗೆ ಕರೆಯಬೇಕು.

ಎಡವುವುದು ಈ ಗಡಿಗಳಲ್ಲೇ. ವಿಶ್ಲೇಷಣೆ ಬರೆಯಲು ಕೂತವರು ತೀರ್ಪು ಕೊಟ್ಟುಬಿಡುತ್ತಾರೆ. ಸಂಯೋಜನೆಯಲ್ಲಿ ಒಂದೊಂದೇ ಆಕರದ ಸಾರಾಂಶ ಬರೆದು ಮುಗಿಸುತ್ತಾರೆ. ವಾದ ಪ್ರಬಂಧವಂತೂ ಹೈಸ್ಕೂಲಿನ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರದ ಮಾಹಿತಿ ಪ್ರಬಂಧವಾಗಿಬಿಡುತ್ತದೆ: ‘ಮೀನುಗಾರಿಕೆಯ ಅರ್ಥ, ಮೀನುಗಾರಿಕೆಯ ವಿಧಗಳು, ಮೀನುಗಾರಿಕೆಯ ಪ್ರಯೋಜನಗಳು.’ ಅದರಲ್ಲಿ ಎಲ್ಲವೂ ಇರುತ್ತದೆ, ವಾದವೊಂದನ್ನು ಬಿಟ್ಟು.

ಇದನ್ನೆಲ್ಲ ಯಾವ ಪರೀಕ್ಷೆಯಲ್ಲಿ ಕೇಳುತ್ತಾರೆ?

ಮೂರನ್ನೂ ಹೆಸರು ಹಿಡಿದು ಕೇಳುವುದು ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಇಂಗ್ಲಿಷ್ ಲ್ಯಾಂಗ್ವೇಜ್ ಪರೀಕ್ಷೆ. ಪ್ರಬಂಧ ಭಾಗಕ್ಕೆ 2 ಗಂಟೆ 15 ನಿಮಿಷ: ಓದಲು 15, ಪ್ರತಿ ಪ್ರಬಂಧಕ್ಕೆ ಸುಮಾರು 40. ಪ್ರತಿ ಪ್ರಬಂಧಕ್ಕೂ 6 ಅಂಕ. ಅದರಲ್ಲಿ ನಿಲುವಿನ ವಾಕ್ಯಕ್ಕೆ 1, ಆಧಾರ ಮತ್ತು ವಿವರಣೆಗೆ 4, ಚಿಂತನೆಯ ಪ್ರೌಢತೆಗೆ 1.

ನಮ್ಮ ಕಡೆಯವರಿಗೆ ಹತ್ತಿರದ್ದು ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆ: 250 ಅಂಕ, 3 ಗಂಟೆ, ಎರಡು ಪ್ರಬಂಧ, ಒಂದೊಂದು 1000ದಿಂದ 1200 ಪದ. ಕನ್ನಡದಲ್ಲೇ ಬರೆಯಬಹುದು. ಅಲ್ಲಿ ಬೇಕಾದ್ದು ವಾದ ಪ್ರಬಂಧದ ಕೌಶಲವೇ, ಸ್ವಲ್ಪ ಹಿಗ್ಗಿಸಿದ್ದು. ಕಾಲೇಜಿನ ಚರ್ಚಾಸ್ಪರ್ಧೆ, ಪ್ರಬಂಧ ಸ್ಪರ್ಧೆ, ಪತ್ರಿಕೆಯ ವಾಚಕರ ವಾಣಿಗೆ ಬರೆಯುವ ಪತ್ರ ಇವಕ್ಕೂ ಇದೇ ಕೌಶಲ ಸಾಕು.

ವಿಷಯ ಕೈಗೆ ಬಂದ ಕೂಡಲೇ ಏನು ಮಾಡಬೇಕು?

ಬರೆಯಬಾರದು. 40 ನಿಮಿಷವಿದ್ದರೆ ಮೊದಲ 7–8 ನಿಮಿಷ, 90 ನಿಮಿಷವಿದ್ದರೆ 20 ನಿಮಿಷ ಕಚ್ಚಾ ಹಾಳೆಗೆ ಮೀಸಲು. ಪ್ರಶ್ನೆಯಲ್ಲಿರುವ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ‘ಚರ್ಚಿಸಿ’, ‘ಸಮರ್ಥಿಸಿ’, ‘ವಿಶ್ಲೇಷಿಸಿ’ ಒಂದೇ ಅಲ್ಲ. ‘ಎಷ್ಟರ ಮಟ್ಟಿಗೆ’ ಎಂದು ಕೇಳಿದ್ದರೆ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಉತ್ತರ ಅರ್ಧ ಉತ್ತರ.

ಆಮೇಲೆ ನಿಲುವು ಒಂದು ವಾಕ್ಯದಲ್ಲಿ, ಅದರ ಕೆಳಗೆ ಎರಡು ಅಥವಾ ಮೂರು ಕಾರಣ, ಪ್ರತಿ ಕಾರಣದ ಪಕ್ಕದಲ್ಲಿ ಒಂದೊಂದು ಆಧಾರ. ಬದಿಗೆ, ನಿಮ್ಮನ್ನು ಒಪ್ಪದವರ ಅತ್ಯಂತ ಗಟ್ಟಿ ಮಾತು ಯಾವುದು ಎಂದು ಬರೆದಿಡಿ. ಆಧಾರ ಸಿಗದ ಕಾರಣವನ್ನು ಅಲ್ಲೇ ಹೊಡೆದುಹಾಕಿ. ಬರೆಯುವಾಗ ಸಿಕ್ಕೀತು ಎಂದು ಬಿಟ್ಟರೆ ಸಿಗುವುದಿಲ್ಲ. ಬಲದ ಕ್ರಮದಲ್ಲಿ ಎರಡನೆಯ ಸ್ಥಾನದ ಕಾರಣ ಮೊದಲು ಬರಲಿ, ಎಲ್ಲಕ್ಕಿಂತ ಗಟ್ಟಿಯಾದದ್ದು ಕೊನೆಗೆ. ಸೊರಗಿದ್ದೇನಾದರೂ ಇದ್ದರೆ ನಡುವೆ.

ನಿಲುವಿನ ವಾಕ್ಯ ಹೇಗಿರಬೇಕು?

ಒಂದು ವಿಷಯ ತೆಗೆದುಕೊಳ್ಳೋಣ. ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ ಮೀನುಗಾರಿಕೆ ನಿಷೇಧ. ಪ್ರಶ್ನೆ: ಇದನ್ನು 90 ದಿನಕ್ಕೆ ಏರಿಸಬೇಕೇ?

‘ಮೀನುಗಾರಿಕೆ ಕರಾವಳಿಯ ಬೆನ್ನೆಲುಬು’ ಎಂದು ಒಬ್ಬರು ಬರೆದರು ಅನ್ನಿ. ಅದು ನಿಲುವಲ್ಲ, ಯಾರೂ ಅಲ್ಲಗಳೆಯದ ಮಾತು. ‘ನಿಷೇಧದಿಂದ ಅನುಕೂಲವೂ ಇದೆ, ಅನನುಕೂಲವೂ ಇದೆ’ ಎಂಬುದೂ ಅಲ್ಲ. ಅಳೆದು ನೋಡಿ ಯಾವುದು ಹೆಚ್ಚು ತೂಗುತ್ತದೆ ಎಂದು ಹೇಳದೆ ತಕ್ಕಡಿ ಕೆಳಗಿಟ್ಟ ಹಾಗೆ. ‘ನಿಷೇಧ ಹೆಚ್ಚಿಸಬಾರದು’ ಎಂಬುದರಲ್ಲಿ ನಿಲುವಿದೆ, ಆದರೆ ಮುಂದೆ ಪ್ರಬಂಧ ಎತ್ತ ಹೋಗುತ್ತದೆ ಎಂಬ ಸುಳಿವಿಲ್ಲ.

ಇದನ್ನು ನೋಡಿ: ‘ನಿಷೇಧದ ದಿನ ಹೆಚ್ಚಿಸಿದರೆ ಹೊರೆ ಬೀಳುವುದು ಬೋಟಿನಲ್ಲಿ ದುಡಿಯುವ ಕೂಲಿಗಳ ಮೇಲೆ, ಮೀನಿನ ಮರಿ ಉಳಿಯಬೇಕಾದರೆ ಉಳಿದ ಹತ್ತು ತಿಂಗಳು ಸಣ್ಣ ಕಣ್ಣಿನ ಬಲೆಯನ್ನೂ ಲೈಟ್ ಫಿಶಿಂಗನ್ನೂ ತಡೆಯಬೇಕು.’ (ಲೈಟ್ ಫಿಶಿಂಗ್ ಅಂದರೆ ರಾತ್ರಿ ನೀರಿಗೆ ಪ್ರಖರ ಬೆಳಕು ಬಿಟ್ಟು ಮೀನು ಹಿಡಿಯುವುದು.) ಒಂದೇ ವಾಕ್ಯ, ಆದರೆ ಎರಡು ಪ್ಯಾರಾ ಇದರೊಳಗೇ ಇವೆ. ತಿಳಿವಳಿಕೆಯುಳ್ಳ ಯಾರಾದರೂ ‘ನಾನು ಒಪ್ಪುವುದಿಲ್ಲ’ ಎನ್ನಲು ಇದರಲ್ಲಿ ಜಾಗವಿದೆ. ನಿಮ್ಮ ವಾಕ್ಯಕ್ಕೆ ಇಲ್ಲ ಅನ್ನುವವರೇ ಇರಲು ಸಾಧ್ಯವಿಲ್ಲವಾದರೆ ಅದನ್ನು ಮತ್ತೆ ಬರೆಯಬೇಕು. ಇಷ್ಟೇ ಪರೀಕ್ಷೆ.

ನಿಲುವನ್ನು ಮೊದಲ ಪ್ಯಾರಾದಲ್ಲೇ ಇಡಿ. ಕೊನೆಯಲ್ಲಿ ಬಿಚ್ಚಿಡುವ ಕುತೂಹಲ ಕಥೆಗೆ ಇರಲಿ.

ಆಧಾರ ಎಷ್ಟು ಬೇಕು, ಎಂಥದ್ದು ಬೇಕು?

40 ನಿಮಿಷದ ಪ್ರಬಂಧಕ್ಕೆ ಮೂರು ಗಟ್ಟಿ ಆಧಾರ ಸಾಕು. ಏಳೆಂಟು ಹಾಕಿದರೆ ಯಾವುದಕ್ಕೂ ವಿವರಣೆ ಉಳಿಯುವುದಿಲ್ಲ.

ಎಣಿಕೆಗಿಂತ ಮುಖ್ಯ, ಆಧಾರ ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂಬ ಅರಿವು. ನಮ್ಮ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರವನ್ನೇ ನೋಡಿ. ಅಲ್ಲಿನ ಒಂದನೇ ಘಟಕ 962 ದಿನ ನಿಲ್ಲದೆ ನಡೆದು 2018ರ ಡಿಸೆಂಬರ್ 31ರಂದು ನಿಂತಿತು, ಆಗ ವಿಶ್ವದಾಖಲೆ ಮಾಡಿತು. ಪರ ಬರೆಯುವವರು ಇದನ್ನು ಎತ್ತಿಕೊಂಡು ‘ಆದ್ದರಿಂದ ಅಣುವಿದ್ಯುತ್ ಸಂಪೂರ್ಣ ಸುರಕ್ಷಿತ’ ಎನ್ನುತ್ತಾರೆ. ಆ ಅಂಕಿ ಸಾಧಿಸುವುದು ಯಂತ್ರದ ವಿಶ್ವಾಸಾರ್ಹತೆಯನ್ನು. ವಿಕಿರಣ ತ್ಯಾಜ್ಯವನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ವಿರೋಧಿಸುವವರು 1994ರಲ್ಲಿ ಅದೇ ಸ್ಥಾವರದ ಗುಮ್ಮಟ ಕುಸಿದದ್ದನ್ನು ಹೇಳುತ್ತಾರೆ. ಅದು ನಡೆದದ್ದು ಕಟ್ಟುವ ಹಂತದಲ್ಲಿ, ಇಂಧನ ತುಂಬುವ ಮೊದಲು. ವಿನ್ಯಾಸ ಮತ್ತು ಕಾಮಗಾರಿಯ ಗುಣಮಟ್ಟವನ್ನು ಪ್ರಶ್ನಿಸಲು ಅದು ಒಳ್ಳೆಯ ಆಧಾರ, ವಿಕಿರಣ ಸೋರಿಕೆಗೆ ಅಲ್ಲ. ಎರಡೂ ಸಂಗತಿ ನಿಜ, ಎರಡನ್ನೂ ಅವುಗಳ ಅಳತೆ ಮೀರಿ ಎಳೆಯುತ್ತಾರೆ. ಪರೀಕ್ಷಕರು ಹಿಡಿಯುವುದು ಈ ಎಳೆತವನ್ನೇ.

ಅಂಕಿ ಸರಿಯಾಗಿ ನೆನಪಿಲ್ಲದಿದ್ದರೆ?

ಹುಟ್ಟಿಸಬೇಡಿ. ‘ಒಂದು ಸಮೀಕ್ಷೆಯ ಪ್ರಕಾರ ಶೇ. 73’ ಎಂಬ ಮಾತನ್ನು ಓದಿ ಪಳಗಿದವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಅಂಕಿಯ ಬದಲು ಅದರ ಕಾರಣಸರಣಿ ಬರೆಯಿರಿ: ಏನಾದರೆ ಏನಾಗುತ್ತದೆ, ಯಾರಿಗೆ, ಯಾಕೆ. ವಾದ ಪ್ರಬಂಧದಲ್ಲಿ ಇದಕ್ಕೂ ಪೂರ್ಣ ಬೆಲೆಯಿದೆ.

ಆಧಾರ ಕೊಟ್ಟರೂ ಅಂಕ ಬರುವುದಿಲ್ಲ. ಯಾಕೆ?

ಇದೇ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಉತ್ತರವೂ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಆಧಾರಕ್ಕೂ ನಿಲುವಿಗೂ ನಡುವೆ ಇರಬೇಕಾದ ವಾಕ್ಯಗಳು ಬಿಟ್ಟುಹೋಗಿವೆ. ಬರೆಯುವವರ ತಲೆಯಲ್ಲಿ ಆ ನಂಟು ಸ್ಪಷ್ಟವಾಗಿರುತ್ತದೆ, ಹಾಗಾಗಿ ಅದು ಹಾಳೆಯ ಮೇಲೂ ಇದೆ ಎಂದು ಅನಿಸುತ್ತದೆ. ಎಪಿ ಪರೀಕ್ಷೆಯ ಆರರಲ್ಲಿ ನಾಲ್ಕು ಅಂಕ ಇಲ್ಲಿಯೇ ಇರುವುದು.

ಮೇಲಿನ ವಿಷಯದ್ದೇ ಒಂದು ಪ್ಯಾರಾ: ‘ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಆದ್ದರಿಂದ ಮಳೆಗಾಲದ ನಿಷೇಧವನ್ನು ಹೆಚ್ಚಿಸಬಾರದು.’

ಸಂಗತಿ ಸರಿ. ಆದರೆ ಆ ‘ಆದ್ದರಿಂದ’ ಯಾವುದರಿಂದ? ಓದುಗರೇ ಸೇತುವೆ ಕಟ್ಟಿಕೊಳ್ಳಬೇಕು. ಈಗ ಇದನ್ನು ಓದಿ:

‘ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಜನರೇಟರ್ ಇಟ್ಟು ರಾತ್ರಿ ನೀರಿಗೆ ಪ್ರಖರ ಬೆಳಕು ಬಿಟ್ಟರೆ ದೊಡ್ಡದು ಸಣ್ಣದು ಎನ್ನದೆ ಮೀನೆಲ್ಲ ಒಂದೇ ಕಡೆ ಸೇರುತ್ತದೆ, ಬಲೆ ಎಳೆದಾಗ ಮರಿಗಳೂ ಬರುತ್ತವೆ. ಈ ಹಾನಿ ನಡೆಯುವುದು ಬೋಟುಗಳು ಕಡಲಿಗಿಳಿದಿರುವ ಆಗಸ್ಟ್‌ನಿಂದ ಮೇ ವರೆಗಿನ ತಿಂಗಳುಗಳಲ್ಲಿ. ಜೂನ್–ಜುಲೈ ನಿಷೇಧವನ್ನು ಇನ್ನೊಂದು ತಿಂಗಳು ಎಳೆದರೆ ಅದು ನಿಲ್ಲುವುದಿಲ್ಲ, ಒಂದು ತಿಂಗಳು ತಡವಾಗಿ ಶುರುವಾಗುತ್ತದೆ ಅಷ್ಟೆ.’

ಆಧಾರ ಅದೇ ಒಂದು ವಾಕ್ಯ. ಅದರ ಹಿಂದೆ ಮೂರು ವಾಕ್ಯ ವಿವರಣೆ: ಇದು ಹೇಗೆ ನಡೆಯುತ್ತದೆ, ಯಾವಾಗ ನಡೆಯುತ್ತದೆ, ಹಾಗಾಗಿ ನನ್ನ ನಿಲುವಿಗೆ ಏನಾಯಿತು. ಪ್ರತಿ ಆಧಾರ ಬರೆದ ಮೇಲೂ ‘ಹಾಗಾದರೇನು?’ ಎಂದು ಕೇಳಿಕೊಳ್ಳಿ, ಉತ್ತರ ಬರೆಯಿರಿ. ಆ ಉತ್ತರಕ್ಕೂ ಒಮ್ಮೆ ‘ಹಾಗಾದರೇನು?’ ಕೇಳಿ. ಎರಡನೆಯ ಸಲದ ಉತ್ತರದಲ್ಲೇ ಸಾಮಾನ್ಯವಾಗಿ ವಾದ ಇರುತ್ತದೆ. ಮೂರನೆಯ ಸಲ ಬೇಡ, ‘ಮಾನವಕುಲದ ಉಳಿವು’ ಬಂದುಬಿಡುತ್ತದೆ.

ಎದುರುವಾದವನ್ನು ನಾವೇ ಬರೆದರೆ ನಮ್ಮ ವಾದ ಸಡಿಲವಾಗುವುದಿಲ್ಲವೇ?

ಇಲ್ಲ. ಬರೆಯದಿದ್ದರೆ ಸಡಿಲವಾಗುತ್ತದೆ. ಹಳೆಯ ಅನೇಕ ಶಾಸ್ತ್ರಗ್ರಂಥಗಳು ಪೂರ್ವಪಕ್ಷ (ಎದುರಿನವರ ವಾದ) ಹೇಳಿಯೇ ಸಿದ್ಧಾಂತಕ್ಕೆ (ತಮ್ಮ ತೀರ್ಮಾನಕ್ಕೆ) ಬರುತ್ತವೆ. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿ ಬೆಳೆದವರಿಗಂತೂ ಇದನ್ನು ಹೇಳಿಕೊಡಬೇಕಿಲ್ಲ. ವಾಲಿವಧೆ ಪ್ರಸಂಗದಲ್ಲಿ ‘ನಿನಗೆ ನಾನೇನು ಕೆಡುಕು ಮಾಡಿದ್ದೆ, ಇನ್ನೊಬ್ಬನ ಜತೆ ಕಾದುತ್ತಿದ್ದವನ ಮೇಲೆ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ’ ಎಂದು ವಾಲಿ ಕೇಳುತ್ತಾನೆ. ರಾಮನ ಅರ್ಥ ಹೇಳುವವರು (ರಾಮನ ಪಾತ್ರವಾಗಿ ಮಾತಾಡುವವರು) ಈ ಪ್ರಶ್ನೆಯನ್ನು ದಾಟಿ ಮುಂದೆ ಹೋದರೆ ಸಭೆ ಬಿಡುವುದಿಲ್ಲ. ವಾಲಿಯ ಮಾತಿಗೆ ಪೂರ್ತಿ ತೂಕ ಸಿಕ್ಕ ಮೇಲೆಯೇ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ತಪ್ಪು, ಅದನ್ನು ದಂಡಿಸುವ ಅಧಿಕಾರ ಎಂಬ ರಾಮನ ಉತ್ತರಕ್ಕೂ ತೂಕ ಬರುವುದು.

ಪ್ರಬಂಧದಲ್ಲಿ ಮಾಡಬೇಕಾದ್ದು ಮೂರು ಹೆಜ್ಜೆ. ಎದುರಿನವರ ಮಾತನ್ನು ಅವರೇ ‘ಹೌದು, ಇದನ್ನೇ ಹೇಳಿದ್ದು’ ಎನ್ನುವಂತೆ ಬರೆಯಿರಿ. ಅದರಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಳ್ಳಿ. ಆಮೇಲೆ, ಅಷ್ಟು ಒಪ್ಪಿದರೂ ನಿಮ್ಮ ನಿಲುವು ಯಾಕೆ ನಿಲ್ಲುತ್ತದೆ ಎಂದು ತೋರಿಸಿ.

‘ಬಂಗುಡೆ, ತಾರ್ಲೆ ಮಳೆಗಾಲದ ಸುತ್ತಮುತ್ತ ಮೊಟ್ಟೆ ಇಡುವುದರಿಂದ ಆಗಸ್ಟನ್ನೂ ಸೇರಿಸಬೇಕೆಂಬ ವಾದದಲ್ಲಿ ಹುರುಳಿದೆ. ಆ ಎರಡು ಮೀನುಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಎಲ್ಲ ಜಾತಿಯ ಮೀನೂ ಒಂದೇ ಕಾಲದಲ್ಲಿ ಮೊಟ್ಟೆ ಇಡುವುದಿಲ್ಲ. ದಿನದ ಲೆಕ್ಕದ ನಿಷೇಧ ಎಷ್ಟು ಉದ್ದವಾದರೂ ಕೆಲವು ಜಾತಿಗಳನ್ನು ಬಿಟ್ಟೇ ಹೋಗುತ್ತದೆ, ಬಲೆಯ ಕಣ್ಣಿನ ನಿಯಮ ವರ್ಷವಿಡೀ ಎಲ್ಲ ಮರಿಗಳನ್ನೂ ಕಾಯುತ್ತದೆ.’

ಎರಡನೆಯ ಹೆಜ್ಜೆಯನ್ನು ಬಿಟ್ಟು ಮೂರನೆಯದಕ್ಕೆ ಹಾರುವವರೇ ಹೆಚ್ಚು. ಇನ್ನು ಕೆಲವರು ಎದುರಿನವರು ಹೇಳದ್ದನ್ನು ಅವರ ಬಾಯಿಗೆ ತುರುಕಿ ಸುಲಭದ ಗೆಲುವು ಸಾಧಿಸುತ್ತಾರೆ: ‘ಕೆಲವರಿಗೆ ಮೀನುಗಾರರ ಬದುಕಿನ ಬಗ್ಗೆ ಕಾಳಜಿಯೇ ಇಲ್ಲ.’ ಯಾರು ಆ ಕೆಲವರು?

ಮಾತಿನ ತಂತ್ರದ ವಿಶ್ಲೇಷಣೆಯನ್ನು ಎಲ್ಲಿಂದ ಶುರು ಮಾಡುವುದು?

ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಏನಾಗಲಿ ಎಂದು ಹೇಳಿದರು? ಈ ನಾಲ್ಕಕ್ಕೆ ಉತ್ತರ ಬರೆದುಕೊಳ್ಳದೆ ಅಲಂಕಾರ ಹುಡುಕಲು ಹೋಗಬೇಡಿ. ಉದಾಹರಣೆ ಒಂದೇ ಸಾಕು, ಸ್ವಲ್ಪ ನಿಧಾನವಾಗಿ ನೋಡೋಣ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದಕ್ಕೂ ಆರು ವಾರ ಮೊದಲು, ಮಾರ್ಚ್ 2ರಂದು, ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಒಂದು ಪತ್ರ ಬರೆದಿದ್ದರು. ಕಾನೂನು ಮುರಿಯಲು ಹೊರಟಿದ್ದೇನೆ ಎಂಬ ಮುನ್ಸೂಚನೆಯ ಪತ್ರ ಅದು. ಸಂಬೋಧನೆ ‘ಪ್ರಿಯ ಮಿತ್ರ’ ಎಂದು. ಒಯ್ದು ಕೊಟ್ಟವರು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣ. ಪತ್ರದ ಮೇಲೆ ವೈಸರಾಯ್ ಹೆಸರಿದ್ದರೂ ಓದುವವರು ಇಡೀ ದೇಶದ ಜನ, ಇಂಗ್ಲೆಂಡಿನ ಜನ ಕೂಡ. ಈ ಇಬ್ಬಗೆಯ ಕೇಳುಗರನ್ನು ಗುರುತಿಸಿದರೆ ಅರ್ಧ ವಿಶ್ಲೇಷಣೆ ಮುಗಿದಂತೆ.

ಪತ್ರದ ನಡುವೆ ಅವರು ವೈಸರಾಯರ ಸಂಬಳವನ್ನೇ ತೆಗೆಯುತ್ತಾರೆ: ತಿಂಗಳಿಗೆ 21,000 ರೂಪಾಯಿ, ದಿನಕ್ಕೆ 700ಕ್ಕೂ ಮಿಕ್ಕಿ. ಭಾರತೀಯನ ಸರಾಸರಿ ದಿನದ ಆದಾಯ ಎರಡು ಆಣೆಗೂ ಕಡಿಮೆ. ಲೆಕ್ಕ ಹಾಕಿ ನೋಡಿ: ರೂಪಾಯಿಗೆ 16 ಆಣೆಯಂತೆ 700 ರೂಪಾಯಿ ಅಂದರೆ 11,200 ಆಣೆ, ಎರಡರಿಂದ ಭಾಗಿಸಿದರೆ 5,600. ಐದು ಸಾವಿರ ಪಟ್ಟಿಗಿಂತ ಬಹಳ ಹೆಚ್ಚು ಎಂದು ಗಾಂಧೀಜಿ ಬರೆದದ್ದು ಇದನ್ನೇ. ಅದರ ಬೆನ್ನಿಗೇ ಹೇಳುತ್ತಾರೆ: ನಿಮ್ಮ ಮೇಲೆ ನನಗೆ ಗೌರವವಿದೆ, ಈ ಸಂಬಳ ನಿಮಗೆ ಬೇಕಿಲ್ಲ ಎಂದು ಬಲ್ಲೆ, ಬಹುಶಃ ಪೂರ್ತಿ ದಾನಧರ್ಮಕ್ಕೇ ಹೋಗುತ್ತಿರಬಹುದು, ತಪ್ಪು ಇಂಥ ಏರ್ಪಾಡಿನದು.

ಇದನ್ನು ಒಬ್ಬರು ಹೀಗೆ ಬರೆದರು ಅಂದುಕೊಳ್ಳಿ: ‘ಗಾಂಧೀಜಿ ಅಂಕಿಅಂಶಗಳನ್ನು ಬಳಸಿ ತರ್ಕವನ್ನು, ಗೌರವದ ಮಾತುಗಳನ್ನು ಬಳಸಿ ಭಾವವನ್ನು ಪರಿಣಾಮಕಾರಿಯಾಗಿ ಬಳಸಿದ್ದಾರೆ.’ ಇದು ಪಟ್ಟಿ. ಈ ವಾಕ್ಯವನ್ನು ಯಾವ ಭಾಷಣಕ್ಕೆ ಬೇಕಾದರೂ ಅಂಟಿಸಬಹುದು, ಅಂಟಿಸಲು ಬರುವ ವಾಕ್ಯಕ್ಕೆ ಅಂಕ ಬರುವುದಿಲ್ಲ.

ವಿಶ್ಲೇಷಣೆ ಹೀಗಿರುತ್ತದೆ: ‘ಬಡತನವನ್ನು ವರ್ಣಿಸುವ ಬದಲು ಗಾಂಧೀಜಿ ಓದುಗನ ಸ್ವಂತ ಸಂಬಳವನ್ನೇ ಎದುರಿಗಿಡುತ್ತಾರೆ. ಅಲ್ಲಗಳೆಯಲು ವೈಸರಾಯ್‌ಗೆ ಸಾಧ್ಯವಿಲ್ಲ, ಅಂಕಿ ಅವರದೇ. ಅವಮಾನವಾಯಿತೆಂದು ಸಿಟ್ಟಾಗುವ ಮೊದಲೇ ಗಾಂಧೀಜಿ ವ್ಯಕ್ತಿಯನ್ನು ಪಕ್ಕಕ್ಕೆ ಸರಿಸಿ ವ್ಯವಸ್ಥೆಯ ಕಡೆ ಬೊಟ್ಟು ಮಾಡುತ್ತಾರೆ. ಹಾಗಾಗಿ ವೈಸರಾಯ್‌ಗೆ ಸಿಟ್ಟಿನ ನೆಪ ಉಳಿಯುವುದಿಲ್ಲ. ಪತ್ರವನ್ನು ಪತ್ರಿಕೆಯಲ್ಲಿ ಓದುವ ಜನಸಾಮಾನ್ಯನಿಗೆ ಆ ಐದು ಸಾವಿರ ಪಟ್ಟು ಮಾತ್ರ ಉಳಿಯುತ್ತದೆ.’

ಕ್ರಿಯಾಪದಗಳನ್ನು ಗಮನಿಸಿ: ಎದುರಿಗಿಡುತ್ತಾರೆ, ಪಕ್ಕಕ್ಕೆ ಸರಿಸುತ್ತಾರೆ, ಬೊಟ್ಟು ಮಾಡುತ್ತಾರೆ. ‘ಬಳಸಿದ್ದಾರೆ’ ಎಂಬ ಒಂದೇ ಕ್ರಿಯಾಪದವನ್ನು ಇಡೀ ಪ್ರಬಂಧದಲ್ಲಿ ನಿಷೇಧಿಸಿಕೊಂಡರೆ ಬರವಣಿಗೆ ತಾನಾಗಿ ಸುಧಾರಿಸುತ್ತದೆ. ಹೇಳಿದವರು ಏನು ಮಾಡಿದರು ಎಂದು ನೋಡಲೇಬೇಕಾಗುತ್ತದೆ.

ಎಥೋಸ್, ಪೇಥೋಸ್, ಲೋಗೋಸ್ ಹೆಸರು ಬರೆಯಲೇಬೇಕೇ?

ಬೇಕಿಲ್ಲ. ಅರಿಸ್ಟಾಟಲ್ ಹೇಳಿದ ಆ ಮೂರು (ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವ, ಮಾತಿನ ತರ್ಕ) ಓದುವಾಗ ನಿಮಗೆ ಉಪಯೋಗಕ್ಕೆ ಬರುತ್ತವೆ. ಬರೆಯುವಾಗ ಪ್ಯಾರಾಕ್ಕೊಂದರಂತೆ ಹಂಚಿದರೆ ಪಠ್ಯ ಮೂರು ತುಂಡಾಗುತ್ತದೆ. ಮೇಲಿನ ಸಂಬಳದ ಲೆಕ್ಕ ತರ್ಕವೂ ಹೌದು, ಭಾವವೂ ಹೌದು, ಲೆಕ್ಕ ಸರಿಯಾಗಿದ್ದದ್ದರಿಂದ ನಂಬಿಕೆಯೂ ಹೌದು. ಪಠ್ಯ ಸಾಗುವ ದಾರಿಯಲ್ಲೇ ಹೋಗಿ: ಮೊದಲು ಏನು ಮಾಡಿದರು, ಎಲ್ಲಿ ದನಿ ಬದಲಿಸಿದರು, ಕೊನೆಗೆ ಎಲ್ಲಿ ತಂದು ನಿಲ್ಲಿಸಿದರು. ದನಿ ಬದಲಾಗುವ ಜಾಗ ಸಿಕ್ಕರೆ ಬಿಡಬೇಡಿ, ಬಹುತೇಕ ಪಠ್ಯಗಳ ಕೀಲಿ ಅಲ್ಲೇ ಇರುತ್ತದೆ.

ಸಂಯೋಜನಾ ಪ್ರಬಂಧದಲ್ಲಿ ಆರು ಆಕರಗಳನ್ನೂ ಬಳಸಬೇಕೇ?

ಎಪಿ ಪರೀಕ್ಷೆಯಲ್ಲಿ ಆರು ಕೊಟ್ಟು ಕನಿಷ್ಠ ಮೂರನ್ನು ಬಳಸಿ ಎನ್ನುತ್ತಾರೆ. ನಾಲ್ಕು ಚೆನ್ನಾಗಿ ಬಳಸಿದರೆ ಧಾರಾಳ.

ಅಭ್ಯಾಸಕ್ಕೆ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದಷ್ಟು ಒಳ್ಳೆಯ ವಿಷಯ ನಮ್ಮ ಜಿಲ್ಲೆಯವರಿಗೆ ಸಿಗುವುದು ಕಷ್ಟ. ಆಕರಗಳೂ ಕೈಗೆಟಕುವಂಥವು: 2011ರ ಗಾಡ್ಗೀಳ್ ಸಮಿತಿ ವರದಿಯ ಸಾರಾಂಶ, 2013ರ ಕಸ್ತೂರಿರಂಗನ್ ಸಮಿತಿ ವರದಿಯ ಸಾರಾಂಶ, ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಹೆಸರಿಸುವ ಕೇಂದ್ರದ ಕರಡು ಅಧಿಸೂಚನೆ, ನಿಮ್ಮ ಗ್ರಾಮಸಭೆ ಏನಾದರೂ ಠರಾವು ಮಾಡಿದ್ದರೆ ಅದರ ಪ್ರತಿ, ಮರಗಳನ್ನು ಅಪ್ಪಿಕೊಂಡು ಕಡಿಯದಂತೆ ತಡೆದ ಅಪ್ಪಿಕೊ ಚಳವಳಿಯ ಬಗ್ಗೆ ಒಂದು ಲೇಖನ, ತಾಲೂಕಿನ ಭೂಬಳಕೆಯ ನಕ್ಷೆ.

ಪ್ರತಿ ಆಕರಕ್ಕೂ ಎರಡೇ ಸಾಲು ಟಿಪ್ಪಣಿ. ಮೊದಲ ಸಾಲಿನಲ್ಲಿ ಯಾರು, ಯಾವಾಗ, ಏನು ಹೇಳುತ್ತಾರೆ. ಎರಡನೆಯ ಸಾಲಿನಲ್ಲಿ ಇದು ಯಾವ ಆಕರಕ್ಕೆ ಉತ್ತರ, ಯಾವುದಕ್ಕೆ ಬೆಂಬಲ, ಯಾವುದನ್ನು ತಿದ್ದುತ್ತದೆ. ಎರಡನೆಯ ಸಾಲೇ ಸಂಯೋಜನೆ. ಮೊದಲನೆಯದರಲ್ಲೇ ನಿಂತವರು ‘ಆಕರ 1 ಹೀಗೆ ಹೇಳುತ್ತದೆ, ಆಕರ 2 ಹಾಗೆ ಹೇಳುತ್ತದೆ’ ಎಂದು ಮೆರವಣಿಗೆ ಹೊರಡಿಸುತ್ತಾರೆ.

ಗಾಡ್ಗೀಳ್ ಮತ್ತು ಕಸ್ತೂರಿರಂಗನ್ ಸಮಿತಿಗಳು ಒಂದಕ್ಕೊಂದು ಪೂರ್ತಿ ವಿರುದ್ಧ ಎಂಬಂತೆ ಬರೆಯುವುದು ಸಾಮಾನ್ಯ. ಘಟ್ಟಕ್ಕೆ ಕಾನೂನಿನ ರಕ್ಷಣೆ ಬೇಕೆಂಬುದರಲ್ಲಿ ಎರಡಕ್ಕೂ ಭೇದವಿಲ್ಲ. ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನು ಸೂಕ್ಷ್ಮ ಎಂದು ಎಣಿಸಿ ಮೂರು ದರ್ಜೆಯ ವಲಯ ಮಾಡಿತು, ತೀರ್ಮಾನದಲ್ಲಿ ಗ್ರಾಮಸಭೆಗೆ ಪಾಲು ಕೊಟ್ಟಿತು. ಕಸ್ತೂರಿರಂಗನ್ ಸಮಿತಿ ನೈಸರ್ಗಿಕ ಭೂಭಾಗವನ್ನೂ ಜನವಸತಿ ಮತ್ತು ತೋಟಗಳ ಭೂಭಾಗವನ್ನೂ ಬೇರ್ಪಡಿಸಿ, ಸುಮಾರು ಶೇ. 37ರಷ್ಟನ್ನು ಮಾತ್ರ ಸೂಕ್ಷ್ಮ ಎಂದಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಡ್ಗೀಳ್ ಸಮಿತಿ ಘಟ್ಟದ ವಿಸ್ತೀರ್ಣವನ್ನು 1,29,037 ಚದರ ಕಿ.ಮೀ. ಎಂದು ಹಿಡಿದರೆ, ಕಸ್ತೂರಿರಂಗನ್ ಸಮಿತಿ 1,64,280 ಎಂದು ಹಿಡಿಯಿತು. ಆ ಶೇ. 37, ಅಂದರೆ ಸುಮಾರು 60,000 ಚದರ ಕಿ.ಮೀ., ದೊಡ್ಡ ಮೊತ್ತದ ಮೇಲಿನ ಲೆಕ್ಕ. ಅದೇ ನೆಲವನ್ನು ಗಾಡ್ಗೀಳರ ವಿಸ್ತೀರ್ಣಕ್ಕೆ ಹೋಲಿಸಿದರೆ ಶೇ. 46 ದಾಟುತ್ತದೆ. ಎರಡು ಆಕರಗಳ ಶೇಕಡಾವಾರನ್ನು ಅಕ್ಕಪಕ್ಕ ಇಡುವ ಮೊದಲು ಯಾವುದರ ಶೇಕಡಾ ಎಂದು ನೋಡಬೇಕು. ಇದನ್ನು ಎರಡೇ ವಾಕ್ಯದಲ್ಲಿ ಪ್ರಬಂಧದೊಳಗೆ ಹೇಳಬಲ್ಲವರು ಆಕರಗಳನ್ನು ನಿಜಕ್ಕೂ ಓದಿದ್ದಾರೆ ಎಂದು ಪರೀಕ್ಷಕರಿಗೆ ಗೊತ್ತಾಗುತ್ತದೆ.

ಪ್ಯಾರಾಗಳು ಆಕರದ ಹೆಸರಿನಿಂದ ಅಲ್ಲ, ನಿಮ್ಮ ಕಾರಣದಿಂದ ಶುರುವಾಗಲಿ. ‘ಗಡಿ ಗುರುತಿಸುವ ಕೆಲಸ ಮೇಲಿಂದಷ್ಟೇ ನಡೆದರೆ ಕೆಳಗೆ ವಿರೋಧ ಹುಟ್ಟುತ್ತದೆ’ ಎಂದು ಆರಂಭಿಸಿ, ಅದರೊಳಗೆ ವರದಿಯನ್ನೂ ಠರಾವನ್ನೂ ಎದುರುಬದುರು ಕೂರಿಸಿ. ಒಂದು ಪ್ಯಾರಾದಲ್ಲಿ ಎರಡು ಆಕರ ಮಾತಾಡಿಕೊಂಡರೆ ಸಂಯೋಜನೆ, ಒಂದೇ ಇದ್ದರೆ ಉಲ್ಲೇಖ.

ಆಕರವನ್ನು ಪ್ರಬಂಧದೊಳಗೆ ಹೇಗೆ ಸೂಚಿಸುವುದು?

‘ಗಾಡ್ಗೀಳ್ ಸಮಿತಿ ಹೇಳುವಂತೆ’ ಅಥವಾ ವಾಕ್ಯದ ಕೊನೆಗೆ ‘(ಆಕರ 3)’. ಎರಡರಲ್ಲಿ ಒಂದು ಸಾಕು, ಆದರೆ ಎಲ್ಲೂ ತಪ್ಪಬಾರದು. ಅವರ ಮಾತನ್ನು ಹಾಗೇ ತೆಗೆದುಕೊಂಡರೆ ಉದ್ಧರಣ ಚಿಹ್ನೆ ಹಾಕಿ, ಆರೇಳು ಪದಕ್ಕಿಂತ ಹೆಚ್ಚು ಎತ್ತಬೇಡಿ. ಉಳಿದದ್ದು ನಿಮ್ಮ ಮಾತಿನಲ್ಲೇ ಇರಲಿ.

ಗಾದೆ ಅಥವಾ ಕವಿತೆಯ ಸಾಲಿನಿಂದ ಆರಂಭಿಸಬಹುದೇ?

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಸಾಲನ್ನು ಒಂದೇ ದಿನದಲ್ಲಿ ನೂರು ಸಲ ಓದಿದ ಪರೀಕ್ಷಕರ ಸ್ಥಿತಿ ಊಹಿಸಿಕೊಳ್ಳಿ. ಗಾದೆ ವಾದಕ್ಕೆ ಆಧಾರವಲ್ಲ, ಯಾಕೆಂದರೆ ಅದಕ್ಕೆ ವಿರುದ್ಧದ ಗಾದೆಯೂ ಇರುತ್ತದೆ. ವಿಷಯದೊಳಗಿನ ಒಂದು ಗಟ್ಟಿ ಸಂಗತಿಯಿಂದಲೋ ಜನ ಜಗಳವಾಡುತ್ತಿರುವ ಪ್ರಶ್ನೆಯಿಂದಲೋ ಶುರು ಮಾಡಿ, ಮೂರನೆಯ ಅಥವಾ ನಾಲ್ಕನೆಯ ವಾಕ್ಯಕ್ಕೆ ನಿಲುವಿಗೆ ಬನ್ನಿ.

ಮನೆಯಲ್ಲಿ ಕೊಂಕಣಿ ಅಥವಾ ಹವ್ಯಕ ಕನ್ನಡ. ಬರೆಯುವ ಕನ್ನಡ ಪುಸ್ತಕದಂತೆ ಬಿಗಿಯಾಗುತ್ತದೆ. ಏನು ಮಾಡಲಿ?

ಬಿಗಿತಕ್ಕೆ ಮನೆಮಾತು ಕಾರಣವಲ್ಲ. ‘ಮಾಡಲಾಗಿದೆ, ನೀಡಲಾಗಿದೆ, ಕೈಗೊಳ್ಳಲಾಗುವುದು’ ಎಂಬ ಕಚೇರಿ ಸುತ್ತೋಲೆಯ ಕನ್ನಡ ಕಾರಣ. ಅದು ಕಿವಿಗೆ ಮಾತ್ರವಲ್ಲ, ವಾದಕ್ಕೂ ಕೆಟ್ಟದ್ದು, ಯಾರು ಮಾಡಿದರು ಎಂಬುದನ್ನು ಅಳಿಸಿಬಿಡುತ್ತದೆ. ‘1983ರಲ್ಲಿ ಶಿರಸಿ ತಾಲೂಕಿನಲ್ಲಿ ಮರಗಳನ್ನು ರಕ್ಷಿಸಲಾಯಿತು’ ಎಂದರೆ ಏನೂ ತಿಳಿಯುವುದಿಲ್ಲ. ‘1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿಯುವುದನ್ನು ನಿಲ್ಲಿಸಿದರು’ ಎಂದರೆ ಯಾರು, ಏನು ಮಾಡಿದರು, ಏನಾಯಿತು ಎಲ್ಲ ಇದೆ. ಮುಂದಿನ ವಾಕ್ಯದಲ್ಲಿ ‘ಹಾಗಾದರೇನು?’ ಕೇಳಲು ಈಗ ಜಾಗವಿದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದ ವಾಕ್ಯದಲ್ಲಿ ಓದುಗರು ಕೊನೆಯವರೆಗೂ ಉಸಿರು ಹಿಡಿಯಬೇಕು. ವಾಕ್ಯ ಎರಡೂವರೆ ಸಾಲು ದಾಟಿದರೆ ಮುರಿಯಿರಿ. ‘ಆದ್ದರಿಂದ’, ‘ಹೀಗಾಗಿ’ ಬಂದ ಕಡೆಯೆಲ್ಲ ಹಿಂದಿನ ವಾಕ್ಯದಿಂದ ಮುಂದಿನದು ನಿಜವಾಗಿಯೂ ಹೊರಡುತ್ತದೆಯೇ ಎಂದು ನೋಡಿ. ಹೊರಡದಿದ್ದರೆ ಆ ಪದ ತೆಗೆದರೆ ಸಾಲದು, ನಡುವೆ ಬಿಟ್ಟುಹೋದ ವಾಕ್ಯ ಬರೆಯಬೇಕು.

ಕೊನೆಯ ಪ್ಯಾರಾದಲ್ಲಿ ಏನಿರಬೇಕು?

ಹೇಳಿದ್ದನ್ನೇ ಮತ್ತೆ ಹೇಳುವ ಪ್ಯಾರಾ ಬೇಡ. ನಿಮ್ಮ ನಿಲುವನ್ನು ಒಪ್ಪಿದರೆ ಮುಂದೆ ಏನು ಬದಲಾಗಬೇಕು, ಯಾರು ಬದಲಿಸಬೇಕು ಎಂದು ಮೂರು ನಾಲ್ಕು ವಾಕ್ಯ ಸಾಕು. ಹೊತ್ತು ಮೀರಿದ್ದರೆ ಒಂದೇ ವಾಕ್ಯ ಬರೆದು ನಿಲ್ಲಿಸಿ. ಸಮಾರೋಪಕ್ಕಾಗಿ ಮೂರನೆಯ ಕಾರಣದ ವಿವರಣೆಯನ್ನು ಬಲಿಕೊಡಬೇಡಿ.

ಒಬ್ಬರೇ ಅಭ್ಯಾಸ ಮಾಡುವುದು ಹೇಗೆ?

ದಿನಾ ಪೂರ್ಣ ಪ್ರಬಂಧ ಬರೆಯುವುದು ವ್ಯರ್ಥ, ಅದೇ ತಪ್ಪು ಗಟ್ಟಿಯಾಗುತ್ತದೆ. ವಾರದಲ್ಲಿ ನಾಲ್ಕು ದಿನ ಬರೀ 15 ನಿಮಿಷ: ಪತ್ರಿಕೆಯ ಒಂದು ಸ್ಥಳೀಯ ವಿಷಯ ತೆಗೆದು ನಿಲುವಿನ ವಾಕ್ಯ, ಒಂದು ಆಧಾರ, ಮೂರು ವಾಕ್ಯ ವಿವರಣೆ. ಒಂದು ದಿನ ಅದೇ ವಿಷಯಕ್ಕೆ ವಿರುದ್ಧ ನಿಲುವು ತಾಳಿ ಬರೆಯಿರಿ. ತಾಳಮದ್ದಳೆಯಲ್ಲಿ ಇವತ್ತು ರಾಮನಾದವರು ನಾಳೆ ವಾಲಿಯಾಗುತ್ತಾರಲ್ಲ, ಹಾಗೆ. ಪೂರ್ಣ ಪ್ರಬಂಧ ಹದಿನೈದು ದಿನಕ್ಕೊಂದು, ಗಡಿಯಾರ ಇಟ್ಟುಕೊಂಡು.

ಬರೆದದ್ದನ್ನು ಮರುದಿನ ಎರಡು ಬಣ್ಣದ ಪೆನ್ನು ಹಿಡಿದು ಓದಿ. ಆಧಾರದ ವಾಕ್ಯಗಳ ಕೆಳಗೆ ಕೆಂಪು ಗೆರೆ, ವಿವರಣೆಯ ವಾಕ್ಯಗಳ ಕೆಳಗೆ ನೀಲಿ. ಹಾಳೆಯಲ್ಲಿ ಕೆಂಪೇ ಹೆಚ್ಚಿದ್ದರೆ ಮಾಹಿತಿ ಪ್ರಬಂಧ ಬರೆದಿದ್ದೀರಿ. ಬರೀ ನೀಲಿಯಿದ್ದರೆ ಭಾಷಣ. ಯಾವ ಬಣ್ಣವೂ ಬೀಳದ ವಾಕ್ಯಗಳನ್ನು ಹೊಡೆದುಹಾಕಿ, ಉಳಿದದ್ದು ಎಷ್ಟು ಪದವಾಯಿತು ಎಂದು ಎಣಿಸಿ.